ಬೋರ್‌ವೆಲ್ ನೀರಿನಲ್ಲಿ ನಮ್ಮ ಬೇವಿನ ಸಾಬೂನು ನೊರೆ ಕೊಡುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ (ಗಂಗಾವತಿ ತಾಲ್ಲೂಕಿನಿಂದ)

ಎಲ್ಲರಿಗೂ ನಮಸ್ಕಾರ. ಮನೆಯಲ್ಲೇ ಬೇವಿನ ಸಾಬೂನು ಮಾಡುತ್ತೇನೆ. ಸದ್ಯಕ್ಕೆ ನಮ್ಮ ಸ್ವಸಹಾಯ ಸಂಘದ ಅಕ್ಕಂದಿರು ಮತ್ತು ನೆಂಟರು ಬಳಸಿ ನೋಡುತ್ತಿದ್ದಾರೆ. ಇದನ್ನೇ ವ್ಯಾಪಾರವಾಗಿ ಮಾಡಬೇಕೆಂಬ ಆಸೆ ಇದೆ.

ಒಂದು ಕಿಲೋ ಎಣ್ಣೆಗೆ ನನ್ನ ಅಳತೆ ಹೀಗಿದೆ: ಗಾಣದ ಶೇಂಗಾ ಎಣ್ಣೆ 500 ಗ್ರಾಂ, ಬೇವಿನ ಎಣ್ಣೆ 200, ಕೊಬ್ಬರಿ ಎಣ್ಣೆ 200, ಔಡಲ ಎಣ್ಣೆ 100. ಕಾಸ್ಟಿಕ್ ಸೋಡಾ 138 ಗ್ರಾಂ, ನೀರು 330. ಕತ್ತರಿಸಿದ ಮೇಲೆ ನಾಲ್ಕು ವಾರ ಒಣಗಿಸುತ್ತೇನೆ.

ತೊಂದರೆ ಏನೆಂದರೆ, ಕಾಲುವೆ ನೀರು ಬರುವ ಮನೆಗಳಲ್ಲಿ ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ. ಬೋರ್‌ವೆಲ್ ನೀರಿನ ಓಣಿಯಲ್ಲಿ ಅದೇ ಸಾಬೂನಿಗೆ ನೊರೆ ಬರುವುದಿಲ್ಲ, ಮೈಮೇಲೆ ಜಿಡ್ಡು ಉಳಿಯುತ್ತದೆ, ಬಕೆಟ್ಟಿನ ಅಂಚಿಗೆ ಬಿಳಿ ಗಸಿ ಕಟ್ಟುತ್ತದೆ. ಬೇಗ ಕರಗಿ ಹೋಗುತ್ತದೆ ಎಂಬ ದೂರೂ ಇದೆ. ನಮ್ಮ ಅತ್ತೆಯವರು ಕಾಸ್ಟಿಕ್ ಕಡಿಮೆಯಾಗಿದೆ, ಇನ್ನಷ್ಟು ಹಾಕು ಎನ್ನುತ್ತಾರೆ. ಹಾಕಲೇ?

ಇನ್ನೊಂದು ವಿಷಯ. ಹುಲಿಗಿಯಲ್ಲಿ ಹುಣ್ಣಿಮೆಗೆ ಸೇರುವ ಜನಕ್ಕೆ ಮಾರಬೇಕೆಂದುಕೊಂಡಿದ್ದೇನೆ. ಪೊಟ್ಟಣದ ಮೇಲೆ "ಕಜ್ಜಿ, ತುರಿಕೆ ವಾಸಿಯಾಗುತ್ತದೆ" ಎಂದು ಬರೆಸಬಹುದೇ? ಒಂದಕ್ಕೆ 60 ರೂಪಾಯಿ ಹೆಚ್ಚಾಯಿತೇ?

ಉತ್ತರ 1 (ಮಾನ್ವಿಯಿಂದ)

ತಂಗಿ, ಕಾಸ್ಟಿಕ್ ಹೆಚ್ಚಿಸಬೇಡಿ. ನಿಮ್ಮ ಎಣ್ಣೆಗಳಿಗೆ 138 ಗ್ರಾಂ ಸರಿಯಾದ ಲೆಕ್ಕ. ಸುಮಾರು ಶೇಕಡ 5ರಷ್ಟು ಎಣ್ಣೆ ಸಾಬೂನಾಗದೆ ಉಳಿದು ಚರ್ಮವನ್ನು ಕಾಯುತ್ತದೆ. ಅದರ ಮೇಲೆ ಸುರಿಯುತ್ತಾ ಹೋದರೆ ನೊರೆ ಬರುವುದಿಲ್ಲ, ಮೈ ಉರಿಯುತ್ತದೆ. ಅತ್ತೆಯವರಿಗೆ ನೋವಾಗದಂತೆ ಇದನ್ನು ಹೇಳಿ, ಆದರೆ ಖಂಡಿತವಾಗಿ ಹೇಳಿ.

ನಿಮ್ಮ ತೊಂದರೆ ನೀರಿನದು. ನಮ್ಮ ಕಡೆಯ ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಬಹಳ. ಸಾಬೂನು ಮೊದಲು ಅವುಗಳನ್ನು ಹಿಡಿದು ಕರಗದ ಗಸಿಯಾಗುತ್ತದೆ. ಅವು ಮುಗಿದ ಮೇಲೆ ಉಳಿದ ಸಾಬೂನು ಮಾತ್ರ ನೊರೆ ಕೊಡುತ್ತದೆ. ಅದಕ್ಕೇ ಬೋರ್‌ವೆಲ್ ಓಣಿಯವರಿಗೆ ಬೇಗ ಸವೆಯುತ್ತದೆ. ಒಮ್ಮೆ ಕಣ್ಣಾರೆ ನೋಡಿ: ಎರಡು ಪಾರದರ್ಶಕ ಬಾಟಲಿ ತೆಗೆದುಕೊಳ್ಳಿ, ಒಂದಕ್ಕೆ ಬೋರ್‌ವೆಲ್ ನೀರು, ಇನ್ನೊಂದಕ್ಕೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು ಹಾಕಿ. ಎರಡಕ್ಕೂ ಅಷ್ಟೇ ತೂಕದ ಸಾಬೂನು ತುರಿದು ಹಾಕಿ, ಅಲುಗಾಡಿಸಿ, ಸ್ವಲ್ಪ ಹೊತ್ತು ಬಿಡಿ. ಒಂದರಲ್ಲಿ ನೊರೆ ಕುತ್ತಿಗೆಯವರೆಗೆ ನಿಂತಿರುತ್ತದೆ. ಇನ್ನೊಂದರಲ್ಲಿ ನೀರು ಒಡೆದ ಹಾಲಿನಂತೆ ಕಂಡು, ಮೇಲೆ ಬೂದು ಬಣ್ಣದ ಚೂರುಗಳು ತೇಲುತ್ತವೆ. ಮುಂದೆ ಅಳತೆ ಬದಲಿಸಿದಾಗಲೆಲ್ಲ ಇದೇ ಪರೀಕ್ಷೆ ಮಾಡಿ. ಬಣ್ಣ, ಪರಿಮಳ, ಹೂವಿನ ಅಚ್ಚು ಎಲ್ಲವೂ ಆಮೇಲಿನ ಮಾತು. ಕಾಲುವೆ ನೀರು ಇಲ್ಲದ ಮನೆಯಲ್ಲಿ ನೊರೆ ಕೊಡದ ಸಾಬೂನು ನಮ್ಮ ಜಿಲ್ಲೆಗಳಲ್ಲಿ ನಿಲ್ಲುವುದಿಲ್ಲ.

ಎರಡು ಬದಲಾವಣೆ ಮಾಡಿ. ಮೊದಲನೆಯದು ಕೊಬ್ಬರಿ ಎಣ್ಣೆ. ಅದರಲ್ಲಿರುವ ಲಾರಿಕ್ ಆಮ್ಲದಿಂದ ಬರುವ ಸಾಬೂನು ಉಪ್ಪು ನೀರಿನಲ್ಲೂ ನೊರೆ ಬಿಡುತ್ತದೆ, ಗಟ್ಟಿಯೂ ಇರುತ್ತದೆ. ಶೇಂಗಾ ಎಣ್ಣೆಯದು ಮೆತ್ತಗೆ, ನೊರೆ ಕಡಿಮೆ. ಅದು ಅರ್ಧದಷ್ಟಿದ್ದರೆ ನಮ್ಮ ಬಿಸಿಲಿಗೆ ಬೇಗ ಕಮಟು ಹಿಡಿದು ಕಿತ್ತಳೆ ಬಣ್ಣದ ಚುಕ್ಕೆಗಳೂ ಏಳುತ್ತವೆ. ಕೊಬ್ಬರಿ 450, ಶೇಂಗಾ 300, ಬೇವು 150, ಔಡಲ 100 ಮಾಡಿ. ಕೊಬ್ಬರಿ ಹೆಚ್ಚಾದಾಗ ಚರ್ಮ ಒಣಗದಿರಲು ಶೇಕಡ 7ರಷ್ಟು ಎಣ್ಣೆ ಉಳಿಸಬೇಕು. ಹಾಗೆ ಲೆಕ್ಕ ಹಾಕಿದರೆ ಕಾಸ್ಟಿಕ್ 146 ಗ್ರಾಂ ಬೇಕು.

ಎರಡನೆಯದು ಸಿಟ್ರಿಕ್ ಆಮ್ಲ. ಕಿರಾಣಿ ಅಂಗಡಿಯಲ್ಲಿ ಲಿಂಬೆ ಉಪ್ಪು ಎಂದು ಕೇಳಿ. ಕಿಲೋ ಎಣ್ಣೆಗೆ 10 ಗ್ರಾಂ ಸಾಕು. ಕಾಸ್ಟಿಕ್ ಹಾಕುವ ಮೊದಲೇ ನೀರಿನಲ್ಲಿ ಕರಗಿಸಿ. ಈ ಆಮ್ಲ 6 ಗ್ರಾಂ ಕಾಸ್ಟಿಕ್ ಅನ್ನು ತಾನೇ ತಿಂದು ಸೋಡಿಯಂ ಸಿಟ್ರೇಟ್ ಆಗುತ್ತದೆ. ಆದ್ದರಿಂದ ಒಟ್ಟು ಕಾಸ್ಟಿಕ್ 152 ಗ್ರಾಂ. ಸ್ನಾನದ ಹೊತ್ತಿನಲ್ಲಿ ಗಡಸು ನೀರಿನ ಕ್ಯಾಲ್ಸಿಯಂ ಅನ್ನು ಹಿಡಿದಿಡುವುದು ಈ ಸಿಟ್ರೇಟ್. ಕಾರ್ಖಾನೆಯ ಅನೇಕ ಸಾಬೂನುಗಳ ಹೊದಿಕೆ ಓದಿ ನೋಡಿ, ಇದೇ ಕೆಲಸಕ್ಕೆ ಇಡಿಟಿಎ ಹಾಕಿರುತ್ತಾರೆ.

ಕಾಸ್ಟಿಕ್ ಕರಗಿಸಲು ಘಟಕದ ಶುದ್ಧ ನೀರನ್ನೇ ಬಳಸಿ. ಸ್ಟೀಲ್ ಪಾತ್ರೆ ಇರಲಿ, ಅಲ್ಯೂಮಿನಿಯಂ ಬೇಡವೇ ಬೇಡ. ನೀರಿಗೆ ಕಾಸ್ಟಿಕ್ ಹಾಕಬೇಕು, ಕಾಸ್ಟಿಕ್‌ಗೆ ನೀರು ಹೊಯ್ಯಬಾರದು. ಕೈಗವಸು, ಕನ್ನಡಕ ಹಾಕಿಕೊಳ್ಳಿ. ಮಕ್ಕಳು ಶಾಲೆಗೆ ಹೋದ ಮೇಲೆ ಕೆಲಸ ಹಿಡಿಯಿರಿ. ಏಪ್ರಿಲ್, ಮೇ ತಿಂಗಳಲ್ಲಿ ರಜೆ ಇರುತ್ತದೆ, ಎಣ್ಣೆಯೂ ಕೋಣೆಯಲ್ಲೇ ಕಾದಿರುತ್ತದೆ. ಆಗ ಎಲ್ಲರೂ ಏಳುವ ಮೊದಲು, ನಸುಕಿನಲ್ಲಿ ತಣ್ಣನೆಯ ನೀರಿನಿಂದ ಮಾಡಿ. ಅಚ್ಚಿನ ಮೇಲೆ ಕಂಬಳಿ ಹೊದಿಸಬೇಡಿ, ಶಾಖ ಏರಿ ಉಕ್ಕುತ್ತದೆ. ಒಣಗಿಸುವುದು ನಾಲ್ಕರ ಬದಲು ಆರು ವಾರ ಆಗಲಿ.

ಉತ್ತರ 2 (ಕೊಪ್ಪಳದಿಂದ)

ಮೇಡಂ, ಸಾಬೂನಿನ ಹದ ಮಾನ್ವಿಯ ಅಕ್ಕ ಹೇಳಿದ್ದಾರೆ. ನಾನು ಕಾಗದಪತ್ರದ ಮಾತು ಹೇಳುತ್ತೇನೆ, ಏಕೆಂದರೆ ಹೆಚ್ಚಿನವರು ಇದನ್ನು ಬಿಟ್ಟೇ ವ್ಯಾಪಾರಕ್ಕೆ ಇಳಿಯುತ್ತಾರೆ.

ಮೈಗೆ ಹಚ್ಚುವ ಸಾಬೂನು ಕಾನೂನಿನ ಪ್ರಕಾರ ಸೌಂದರ್ಯವರ್ಧಕ. ಮಾರಾಟಕ್ಕಾಗಿ ತಯಾರಿಸಬೇಕಾದರೆ 2020ರ ಸೌಂದರ್ಯವರ್ಧಕ ನಿಯಮಗಳಡಿ ರಾಜ್ಯದ ಪರವಾನಗಿ ಪ್ರಾಧಿಕಾರದಿಂದ ತಯಾರಿಕಾ ಪರವಾನಗಿ ಪಡೆಯಬೇಕು. ಅಡುಗೆಮನೆ ತೋರಿಸಿದರೆ ಸಿಗುವುದಿಲ್ಲ. ಪ್ರತ್ಯೇಕ ಜಾಗ ಮತ್ತು ತಾಂತ್ರಿಕ ಅರ್ಹತೆ ಇರುವ ಒಬ್ಬರು ಬೇಕು. ನಿಮ್ಮ ಸಂಘದಲ್ಲಿ ಫಾರ್ಮಸಿ ಓದಿದ ಹೆಣ್ಣುಮಕ್ಕಳಿದ್ದರೆ ಇಂದೇ ಮಾತಾಡಿ. ಸಣ್ಣ ಉದ್ಯಮಗಳಿಗಿರುವ ಉದ್ಯಮ್ ನೋಂದಣಿ ಉಚಿತ, ಆದರೆ ಅದು ಈ ಪರವಾನಗಿಗೆ ಬದಲಿಯಲ್ಲ. ಬಂಡವಾಳಕ್ಕೆ ಪಿಎಂಇಜಿಪಿ (ಹೊಸ ಸಣ್ಣ ಉದ್ಯಮಕ್ಕೆ ಕೇಂದ್ರದ ಯೋಜನೆ) ಸಾಲ ನೋಡಿ, ಗ್ರಾಮೀಣ ಭಾಗದ ಮಹಿಳೆಯರಿಗೆ ಶೇಕಡ 35ರವರೆಗೆ ಸಹಾಯಧನವಿದೆ. ಪಿಎಂಎಫ್‌ಎಂಇ ಎಂಬ ಇನ್ನೊಂದು ಯೋಜನೆ ಆಹಾರ ಸಂಸ್ಕರಣೆಗೆ ಮಾತ್ರ, ಅದರ ಹಿಂದೆ ಅಲೆಯಬೇಡಿ.

"ಕಜ್ಜಿ ವಾಸಿಯಾಗುತ್ತದೆ" ಎಂದು ಬರೆಸಲೇಬೇಡಿ. ರೋಗ ಗುಣಪಡಿಸುತ್ತದೆ ಎಂದ ಕೂಡಲೇ ಅದು ಔಷಧದ ಕಾನೂನಿಗೆ ಹೋಗುತ್ತದೆ. ಮೇಲಾಗಿ ಕಜ್ಜಿಯ ಮಗುವಿಗೆ ವೈದ್ಯರು ಬೇಕು. ನಿಮ್ಮ ಮಾತು ನಂಬಿ ತಾಯಿ ಒಂದು ತಿಂಗಳು ಸಾಬೂನು ಹಚ್ಚುತ್ತಾ ಕೂತರೆ ಮನೆಮಂದಿಗೆಲ್ಲ ಹರಡುತ್ತದೆ. "ಬೇವಿನ ಎಣ್ಣೆಯ ಸಾಬೂನು" ಎಂದಷ್ಟೇ ಬರೆಸಿ.

ಪ್ರಶ್ನೆ ಕೇಳಿದವರು

ಅಕ್ಕ, ಸರ್, ಇಬ್ಬರಿಗೂ ತುಂಬಾ ಧನ್ಯವಾದ. ಬಾಟಲಿ ಪರೀಕ್ಷೆಯನ್ನು ಅತ್ತೆಯವರ ಮುಂದೆಯೇ ಮಾಡಿದೆ. ಬೋರ್‌ವೆಲ್ ಬಾಟಲಿ ನೋಡಿ ಅವರೇ ಸಿಟ್ರಿಕ್ ಆಮ್ಲ ತರಿಸಲು ಹೇಳಿದರು. ಸಂಘದ ಒಬ್ಬ ಸದಸ್ಯೆಯ ಮಗಳು ಡಿ.ಫಾರ್ಮಾ ಮುಗಿಸಿದ್ದಾಳೆ, ಪರವಾನಗಿ ಬರುವವರೆಗೆ ಹುಲಿಗಿಯ ವಿಚಾರ ನಿಲ್ಲಿಸಿದ್ದೇವೆ. ಬೆಲೆಯ ಬಗ್ಗೆ ಯಾರಾದರೂ ಹೇಳುವಿರಾ? ಕೊಬ್ಬರಿ ಎಣ್ಣೆ ಅಷ್ಟು ಹೆಚ್ಚಿಸಿದರೆ 60ಕ್ಕೆ ಹೊಂದುತ್ತದೆಯೇ ಎಂದು ಭಯವಾಗುತ್ತಿದೆ.

ಉತ್ತರ 3 (ಸಂಡೂರಿನಿಂದ)

ಅಕ್ಕ, ಮೊದಲು ತೂಕ ನೋಡಿ. ಕಿಲೋ ಎಣ್ಣೆಯ ಬ್ಯಾಚಿನಿಂದ 120 ಗ್ರಾಂನ 12 ಹಸಿ ತುಂಡು ಸಿಗುತ್ತವೆ. ನಮ್ಮ ಒಣ ಗಾಳಿಗೆ ಆರು ವಾರದಲ್ಲಿ ಹತ್ತು ಹನ್ನೆರಡು ಗ್ರಾಂ ಆರಿ ಹೋಗುತ್ತದೆ. ಪೊಟ್ಟಣದ ಮೇಲೆ ನಿವ್ವಳ ತೂಕ 100 ಗ್ರಾಂ ಎಂದೇ ಹಾಕಿ. ಹಸಿ ತೂಕ ಹಾಕಿದರೆ ತೂಕದಲ್ಲಿ ಮೋಸವಾಗುತ್ತದೆ.

ನನ್ನ ಲೆಕ್ಕದಲ್ಲಿ ಎಣ್ಣೆ, ಕಾಸ್ಟಿಕ್, ಹೊದಿಕೆ ಸೇರಿ ಒಂದು ತುಂಡಿಗೆ 33 ರೂಪಾಯಿ ಬೀಳುತ್ತದೆ. ಇದು 2025ರಲ್ಲಿ ಕೊಬ್ಬರಿ ಎಣ್ಣೆ ಏರಿದಾಗಿನ ಲೆಕ್ಕ, ಆಗ ಅದೊಂದೇ ಅರ್ಧದಷ್ಟು ತಿನ್ನುತ್ತಿತ್ತು. ನೀವೇ ನಿಂತು ಮಾರಿದರೆ 60 ಸಾಕು. ಅಂಗಡಿಯವರಿಗೆ ಕಾಲು ಭಾಗ ಬಿಟ್ಟರೆ ಕೈಗೆ 45, ಅದರಲ್ಲಿ ನಿಮ್ಮ ಕೂಲಿ, ಬಸ್ ಖರ್ಚು, ಒಡೆದ ತುಂಡು, ಎಲ್ಲ ಹೋಗಬೇಕು. ಅಂಗಡಿಗೆ ಕೊಡುವುದಾದರೆ 75 ಇಡಿ. ಆನೆಗೊಂದಿ ಕಡೆ ಬಾಳೆ ನಾರಿನ ಚೀಲ ಕೊಳ್ಳುವ ಪ್ರವಾಸಿಗರು ಆ ಬೆಲೆ ಕೊಡುತ್ತಾರೆ. ಓಣಿಯ ಜನಕ್ಕೆ 50 ಗ್ರಾಂನ ಸಣ್ಣ ತುಂಡು ಮಾಡಿ. ಕೈಯಿಂದ ಕೊಡುವ ಹಣ ಕಡಿಮೆ ಎನಿಸಿದರೆ ಒಮ್ಮೆ ಬಳಸಿ ನೋಡುತ್ತಾರೆ.

ರಾಜ್ಯದೊಳಗೆ ಮಾತ್ರ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಆದರೆ ಮಂತ್ರಾಲಯದ ಅಂಗಡಿಯವರು ಕೇಳಿದರು ಎಂದು ಪೆಟ್ಟಿಗೆ ಕಳುಹಿಸಬೇಡಿ. ಅದು ಆಂಧ್ರ, ಅಲ್ಲಿಗೆ ಈ ವಿನಾಯಿತಿ ಇಲ್ಲ.

ಕೊಬ್ಬರಿ ಎಣ್ಣೆಯನ್ನು ನಾವು ಕೆಲವರು ಸೇರಿ ತಿಪಟೂರಿನಿಂದ 15 ಕಿಲೋ ಡಬ್ಬಿಗಳಲ್ಲಿ ತರಿಸುತ್ತೇವೆ. ಹೊಸಪೇಟೆಯಲ್ಲಿ ಇಳಿಸಿಕೊಳ್ಳಬಹುದು. ನಿಮಗೂ ಒಂದು ಡಬ್ಬಿ ಬೇಕಾದರೆ ತಿಂಗಳ ಕೊನೆಯೊಳಗೆ ಇಲ್ಲೇ ಬರೆಯಿರಿ, ಸಾಗಣೆ ಖರ್ಚು ಹಂಚಿಕೊಳ್ಳೋಣ.