ಅಡಿಕೆ ಮಗುಚುವ ರೋಬೋ: ಯಾವ ಮೋಟಾರ್, ಎಷ್ಟು ದೊಡ್ಡ ಗಾಲಿ?

ಅಂಗಳದ ಹುಡುಗ:

ಎಲ್ಲರಿಗೂ ನಮಸ್ಕಾರ. ನಾನು ಪುತ್ತೂರು ಕಡೆಯವನು, ಡಿಪ್ಲೊಮಾ ಎರಡನೇ ವರ್ಷ. ನಮ್ಮಲ್ಲಿ ಚಾಲಿ ಅಡಿಕೆ, ಅಂದರೆ ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಒಣಗಿಸುವುದು. ಸುಮಾರು 40 ದಿನ ಅಂಗಳದಲ್ಲಿ ಒಣಗಬೇಕು, ನಡುನಡುವೆ ಮಗುಚುತ್ತಾ ಇರಬೇಕು. ಆ ಕೆಲಸ ಅಜ್ಜನದ್ದು. ಉರಿ ಬಿಸಿಲಲ್ಲಿ ಕಾಲಿನಿಂದಲೇ ಸರಿಸುತ್ತಾ ಹೋಗುತ್ತಾರೆ. ಅದಕ್ಕೊಂದು ರಿಮೋಟ್ ರೋಬೋ ಮಾಡಿ, ಹಿಂದೆ ಹಲ್ಲಿರುವ ಹಲಗೆ ಕಟ್ಟಿ ಎಳೆಸೋಣ ಅಂತ ಹೊರಟೆ.

ಹಾಕಿದ್ದು ನಾಲ್ಕು ಹಳದಿ ಬಿಒ ಮೋಟಾರ್ (ಪ್ಲಾಸ್ಟಿಕ್ ಗಿಯರಿನ ಸಣ್ಣ ಮೋಟಾರ್), ಅದರ ಜೊತೆ ಬರುವ 65 ಮಿಮೀ ಗಾಲಿ, ಮೋಟಾರಿಗೆ ಕರೆಂಟ್ ಹರಿಸುವ ಎಲ್298 ಡ್ರೈವರ್, ಅದಕ್ಕೆ ಆಜ್ಞೆ ಕೊಡುವ ಆರ್ಡುಇನೋ ಬೋರ್ಡ್, 9 ವೋಲ್ಟ್ ಬ್ಯಾಟರಿ. ಜಗಲಿಯ ಟೈಲ್ಸ್ ಮೇಲೆ ಚೆನ್ನಾಗಿ ಓಡಿತು. ಅಂಗಳಕ್ಕೆ ಇಳಿಸಿ ಹಲಗೆ ಕಟ್ಟಿದ್ದೇ ತಡ, ಅಲ್ಲೇ ಕೂತಿತು. ಒಂದು ಗಾಲಿ ಅಡಿಕೆಗೆ ತಾಗಿ ನಿಂತಿತ್ತು, ಇನ್ನೊಂದು ಸುಮ್ನೆ ಗಿರಗಿರ ತಿರುಗುತ್ತಿತ್ತು. ಆಮೇಲೆ ಟಕ್ ಟಕ್ ಅಂತ ಶಬ್ದ. ಬಿಚ್ಚಿ ನೋಡಿದರೆ ಒಳಗಿನ ಬಿಳಿ ಗಿಯರಿನ ಮೂರು ಹಲ್ಲು ಪುಡಿ. ಅಜ್ಜ ಏನೂ ಹೇಳಲಿಲ್ಲ, ರೋಬೋವನ್ನು ಎತ್ತಿ ಕಟ್ಟೆಯ ಮೇಲಿಟ್ಟು ತಮ್ಮ ಕೆಲಸ ಮುಂದುವರಿಸಿದರು.

ಈಗ ಮೆಟಲ್ ಗಿಯರ್ ಮೋಟಾರ್ ತಗೊಳ್ಳೋಣ ಅಂತ. 300 ಆರ್‌ಪಿಎಂ (ನಿಮಿಷಕ್ಕೆ ಇಷ್ಟು ಸುತ್ತು) ಬದಲು 500ರದ್ದು ತಗೊಂಡರೆ ಶಕ್ತಿ ಜಾಸ್ತಿ ಸಿಗುತ್ತಾ? ಟ್ಯಾಂಕಿನ ಹಾಗೆ ಬೆಲ್ಟ್ ಹಾಕಿದರೆ ಒಳ್ಳೆಯದಾ? ಬಜೆಟ್ 5 ಸಾವಿರ, ಅದೂ ಅಪ್ಪನ ಹತ್ತಿರ ಕೇಳಬೇಕು.

ಸುಟ್ಟ ವಾಸನೆ:

ಮೋಟಾರ್ ಮಾತು ಆಮೇಲೆ. ಮೊದಲು ಆ 9 ವೋಲ್ಟ್ ಬ್ಯಾಟರಿ ತೆಗೆದು ಮಲ್ಟಿಮೀಟರಿಗೆ ಹಾಕಿ, ಅದು ಇರುವುದೇ ಅದಕ್ಕೆ. ನಾಲ್ಕು ಮೋಟಾರ್ ಒಟ್ಟಿಗೆ ಶುರುವಾದರೆ ಕೇಳುವ ಕರೆಂಟ್ ಕೊಡಲು ಅದರ ಕೈಲಿ ಆಗುವುದಿಲ್ಲ, ವೋಲ್ಟೇಜ್ ದಡಕ್ಕನೆ ಬೀಳುತ್ತದೆ. ಅದರ ಮೇಲೆ ಎಲ್298 ಹಳೇ ಕಾಲದ ಚಿಪ್, 1 ಆಂಪ್ ಹೋಗುವಾಗಲೇ ಹತ್ತಿರ ಹತ್ತಿರ 2 ವೋಲ್ಟ್ ತಾನೇ ತಿಂದು ಬಿಸಿಯಾಗುತ್ತದೆ. ನಿಮ್ಮ ಮೋಟಾರಿಗೆ ತಲುಪಿದ್ದು ಬರೀ ಎಂಜಲು.

ಲೇತ್ ಮಾಮ:

ತಮ್ಮಾ, ಆರ್‌ಪಿಎಂ ಜಾಸ್ತಿ ಅಂದರೆ ಶಕ್ತಿ ಜಾಸ್ತಿ ಅಲ್ಲ, ಉಲ್ಟಾ. ಅದೇ ಮೋಟಾರಿಗೆ ಬೇರೆ ಬೇರೆ ಗಿಯರ್ ಡಬ್ಬಿ ಕೂರಿಸಿ ಮಾರುತ್ತಾರೆ. 500ರದ್ದು ಓಡುತ್ತದೆ, 60ರದ್ದು ಎಳೆಯುತ್ತದೆ. ಸೈಕಲ್ಲಿನಲ್ಲಿ ಗಿಯರ್ ಇದ್ದರೆ ಏರು ಹತ್ತುವಾಗ ಏನು ಮಾಡುತ್ತೀಯ, ಅದೇ ಲೆಕ್ಕ.

ಎಲ್ಲರೂ ಮೊದಲು ಮೋಟಾರ್ ಕೊಂಡು ಆಮೇಲೆ ಲೆಕ್ಕ ಹಾಕುತ್ತಾರೆ, ನಾನೂ ಹಾಗೇ ಮಾಡಿ ಒಂದು ಡಬ್ಬಿ ತುಂಬ ಮೋಟಾರ್ ಇಟ್ಟುಕೊಂಡಿದ್ದೇನೆ. ನೀನು ಹೀಗೆ ಮಾಡು. ಲಗೇಜ್ ತೂಗುವ ಕೊಕ್ಕೆ ತಕ್ಕಡಿ ಬರುತ್ತಲ್ಲ, ಅದನ್ನು ನಿನ್ನ ಹಲಗೆಗೆ ಸಿಕ್ಕಿಸಿ, ಅಡಿಕೆ ಹರಡಿದ ಮೇಲೆ ನಿಧಾನಕ್ಕೆ ಎಳಿ. ಎಷ್ಟು ಕೆಜಿ ತೋರಿಸುತ್ತೆ ನೋಡು. ಎರಡೂವರೆ ಅಂದುಕೋ. ರೋಬೋ ತಾನು ಉರುಳಲು ಇನ್ನೊಂದು ಅರ್ಧ ಕೆಜಿ ಸೇರಿಸು, ಮೂರು. ಇದನ್ನು ಗಾಲಿಯ ವ್ಯಾಸಕ್ಕಲ್ಲ, ಅದರ ಅರ್ಧಕ್ಕೆ ಗುಣಿಸು. 10 ಸೆಂಮೀ ಗಾಲಿ ಅಂದರೆ 3 ಗುಣಿಸು 5, ಹದಿನೈದು ಕೆಜಿ ಸೆಂಮೀ. ಇದೇ ಟಾರ್ಕ್, ಅಂದರೆ ತಿರುಗಿಸುವ ಬಲ. ಎರಡು ಮೋಟಾರ್ ಹಂಚಿಕೊಂಡರೆ ತಲಾ ಏಳೂವರೆ. ಅಂಗಡಿಯ ಪಟ್ಟಿಯಲ್ಲಿ ದೊಡ್ಡದಾಗಿ ಬರೆದಿರುವುದು ಸಾಮಾನ್ಯವಾಗಿ ಸ್ಟಾಲ್ ಟಾರ್ಕ್, ಅಂದರೆ ಮೋಟಾರ್ ತಿರುಗದೆ ಜಾಮ್ ಆಗಿ ನಿಂತಾಗಿನ ಬಲ. ದಿನಾ ಓಡಿಸಲು ಅದರ ಕಾಲು ಭಾಗ ಮಾತ್ರ ಲೆಕ್ಕಕ್ಕೆ ಇಟ್ಟುಕೋ. ಆಗ ಒಂದೊಂದು ಮೋಟಾರಿಗೂ ಸ್ಟಾಲ್ ಟಾರ್ಕ್ 30 ಕೆಜಿ ಸೆಂಮೀ ಬೇಕಾಯಿತು. ಹಳದಿ ಬಿಒ ಮೋಟಾರ್ ಒಂದು ಕೆಜಿ ಸೆಂಮೀ ಮುಟ್ಟುವುದೇ ಕಷ್ಟ. ಗಿಯರ್ ಯಾಕೆ ಪುಡಿಯಾಯಿತು ಗೊತ್ತಾಯಿತಲ್ವಾ?

ವೇಗದ ಚಿಂತೆ ಬೇಡ. 10 ಸೆಂಮೀ ಗಾಲಿ ಒಂದು ಸುತ್ತಿಗೆ 31 ಸೆಂಮೀ ಹೋಗುತ್ತದೆ, 60 ಆರ್‌ಪಿಎಂ ಇದ್ದರೆ ಸೆಕೆಂಡಿಗೆ 31 ಸೆಂಮೀ. ಭಾರ ಎಳೆಯುವಾಗ ಇನ್ನೂ ಕಡಿಮೆ. ಅಡಿಕೆ ಮಗುಚಲು ಅದೇ ಜಾಸ್ತಿ.

ಫೈನಲ್ ಇಯರ್ ಮೆಕ್:

ಗುರು, ಇಸ್ರೋ ಪ್ರಜ್ಞಾನ್ ರೋವರ್ ತರಹ ಆರು ಗಾಲಿಯ ರಾಕರ್ ಬೋಗಿ ಮಾಡು, ಗಾಲಿಗಳು ಕೀಲಿರುವ ತೋಳುಗಳ ಮೇಲೆ ಏರಿಳಿಯುತ್ತವಲ್ಲ, ಅದು! ಕಲ್ಲು, ಗುಂಡಿ ಎಲ್ಲ ಹತ್ತುತ್ತೆ. ಇಲ್ಲಾಂದ್ರೆ ಸುತ್ತಲೂ ಓರೆಯಾಗಿ ಸಣ್ಣ ರೋಲರ್ ಇರುವ ಮೆಕ್ಯಾನಮ್ ವೀಲ್ ಹಾಕು, ಪಕ್ಕಕ್ಕೂ ಓಡುತ್ತೆ. ನಮ್ಮ ಕಾಲೇಜಿನಲ್ಲಿ ಮಾಡಿದ್ವಿ, ಸೂಪರ್ ಆಗಿತ್ತು.

ಲೇತ್ ಮಾಮ:

ಪ್ರಜ್ಞಾನ್ ತೂಕ 26 ಕೆಜಿ, ವೇಗ ಸೆಕೆಂಡಿಗೆ 1 ಸೆಂಮೀ. 12 ಮೀಟರ್ ಅಂಗಳ ಒಂದು ಸಲ ದಾಟಲು 20 ನಿಮಿಷ. ಚಂದ್ರನ ಮೇಲೆ ಅದೇ ಸರಿ, ಇಲ್ಲಿ ಮಳೆ ಮೋಡ ಬಂದರೆ ಏನು ಗತಿ? ಮೆಕ್ಯಾನಮ್ ಅಂತೂ ಬೇಡವೇ ಬೇಡ. ನಾಲ್ಕೂ ಗಾಲಿ ಸಮನಾಗಿ ನೆಲಕ್ಕೆ ಕೂತರೆ ಮಾತ್ರ ಅದರ ಆಟ, ಮತ್ತೆ ಆ ಸಣ್ಣ ರೋಲರುಗಳ ಸಂದಿಗೆ ಧೂಳು, ಸಿಪ್ಪೆಯ ನಾರು ಹೋದರೆ ಮುಗಿಯಿತು. ಬೆಲ್ಟ್ ಕೂಡ ಅಷ್ಟೇ, ಒಂದು ಅಡಿಕೆ ಬೆಲ್ಟಿಗೂ ಹಲ್ಲುಚಕ್ರಕ್ಕೂ ನಡುವೆ ಸಿಕ್ಕಿದರೆ ಬೆಲ್ಟ್ ಕಳಚುತ್ತದೆ.

ಕೂರಿಗೆ:

ಮೇಲಿನವರ ಲೆಕ್ಕ ಸರಿ, ಆದರೆ ಎರಡು ವಿಷಯ ಬಿಟ್ಟಿದ್ದಾರೆ.

ಒಂದು, ಹಿಡಿತ. ಮೋಟಾರಿಗೆ ಎಷ್ಟೇ ಬಲ ಇರಲಿ, ಗಾಲಿ ಜಾರಿದರೆ ಅದು ನೆಲಕ್ಕೆ ತಲುಪುವುದಿಲ್ಲ. ಒಣ ಸಿಮೆಂಟಿನ ಮೇಲೆ ರಬ್ಬರ್ ಗಾಲಿ ತನ್ನ ಮೇಲಿರುವ ತೂಕದ ಸುಮಾರು 0.6 ಪಾಲು ಎಳೆದೀತು. ಅಂದರೆ ಮೂರು ಕೆಜಿ ಎಳೆಯಬೇಕಾದರೆ ತಿರುಗುವ ಗಾಲಿಗಳ ಮೇಲೆ 5 ಕೆಜಿಯಾದರೂ ಕೂತಿರಬೇಕು. ಹಗುರ ಮಾಡಬೇಡಿ. ಯುಪಿಎಸ್‌ನಲ್ಲಿ ಬರುವ 12 ವೋಲ್ಟ್ 7 ಎಎಚ್ ಬ್ಯಾಟರಿ 2 ಕೆಜಿ ಹತ್ತಿರ ತೂಗುತ್ತದೆ, ಅದನ್ನು ನೇರ ಆ ಗಾಲಿಗಳ ಮೇಲೆಯೇ ಇಡಿ. ಇಲ್ಲಿ ಭಾರವೇ ಲಾಭ.

ಎರಡು, ಅಡಿಕೆಯ ಗಾತ್ರ. ಸಿಪ್ಪೆ ಸಮೇತ ಅಡಿಕೆ ನಾಲ್ಕೈದು ಸೆಂಮೀ ದಪ್ಪ ಇರುತ್ತದೆ, ನಿಮ್ಮ ಗಾಲಿಯ ಅರ್ಧವೇ 3 ಸೆಂಮೀ ಚಿಲ್ಲರೆ. ತನ್ನ ಅರ್ಧಕ್ಕಿಂತ ಎತ್ತರದ್ದನ್ನು ಗಾಲಿ ಹತ್ತುವುದಿಲ್ಲ, ಎದುರಿಗೆ ಒತ್ತಿ ನಿಲ್ಲುತ್ತದೆ. 10 ಸೆಂಮೀ ಗಾಲಿ ಹಾಕಿದರೂ ಕಷ್ಟವೇ. ಹಾಗಂತ 20 ಸೆಂಮೀ ಹಾಕಿದರೆ ಟಾರ್ಕ್ ಎರಡರಷ್ಟು ಬೇಕು. ಅದರ ಬದಲು ಪ್ರತಿ ಗಾಲಿಯ ಮುಂದೆ ತಗಡನ್ನು ನೇಗಿಲಿನ ಗುಳದ ಹಾಗೆ ವಿ ಆಕಾರಕ್ಕೆ ಬಗ್ಗಿಸಿ, ನೆಲದಿಂದ ಒಂದು ಸೆಂಮೀ ಮೇಲೆ ಕಟ್ಟಿ. ಅಡಿಕೆ ಎರಡು ಬದಿಗೆ ಸರಿಯುತ್ತದೆ, ಗಾಲಿ ಬರಿ ಸಿಮೆಂಟಿನ ಮೇಲೆ ಓಡುತ್ತದೆ, ಸರಿದ ಅಡಿಕೆಯನ್ನು ಹಿಂದಿನ ಹಲಗೆ ಮತ್ತೆ ಹರಡುತ್ತದೆ.

ನಾಲ್ಕು ಮೋಟಾರ್ ಬೇಡ. ನಾಲ್ಕು ಗಾಲಿಯ ಗಾಡಿ ತಿರುಗುವಾಗ ಗಾಲಿಗಳು ಅಡ್ಡಕ್ಕೆ ತಿಕ್ಕಿಕೊಂಡೇ ತಿರುಗಬೇಕು, ಅಲ್ಲಿ ಕರೆಂಟ್ ದಂಡ. ಹಿಂದೆ ಎರಡು ಓಡುವ ಗಾಲಿ, ಮುಂದೆ ಎಲ್ಲ ದಿಕ್ಕಿಗೂ ತಿರುಗುವ ಒಂದು ಕ್ಯಾಸ್ಟರ್ ಗಾಲಿ (ಆಫೀಸ್ ಕುರ್ಚಿಯ ಕೆಳಗೆ ಇರುವಂಥದ್ದು), ಅದಕ್ಕೂ ಒಂದು ತಗಡು. ಗಾಲಿಯ ಬದಲು ಗೋಲಿ ಇರುವ ಕ್ಯಾಸ್ಟರ್ ತರಬೇಡಿ, ಧೂಳಿಗೆ ಎರಡೇ ದಿನದಲ್ಲಿ ಹಿಡಿದುಕೊಳ್ಳುತ್ತದೆ. ಹಲಗೆಯ ಹಗ್ಗವನ್ನು ಆಕ್ಸಲ್‌ಗಿಂತ ಕೆಳಗೆ ಕಟ್ಟಿ. ಮೇಲೆ ಕಟ್ಟಿದರೆ ಮುಂಭಾಗ ಎದ್ದು ನಿಲ್ಲುತ್ತದೆ, ಎತ್ತಿನ ಗಾಡಿ ಹಿಂದೆ ಭಾರವಾದ ಹಾಗೆ.

ಅಂಗಳದ ಹುಡುಗ:

ಬಹಳ ಉಪಕಾರ, ಮೂರು ವಾರ ಆಯಿತು, ಸುದ್ದಿ ಹೇಳಲು ಬಂದೆ.

ತಕ್ಕಡಿ ಸಿಕ್ಕಿಸಿ ಎಳೆದೆ: 2 ಕೆಜಿ 600 ಗ್ರಾಂ. ಅಜ್ಜ ಪಕ್ಕದಲ್ಲೇ ನಿಂತಿದ್ದರು, "ಹಲ್ಲು ಜಾಸ್ತಿಯಾಯಿತು ಮಾರಾಯ, ಒಂದು ಬಿಟ್ಟು ಒಂದು ತೆಗಿ" ಅಂದರು. ತೆಗೆದೆ. 1 ಕೆಜಿ 700ಕ್ಕೆ ಇಳಿಯಿತು, ಮಗುಚುವುದೇನೂ ಕಡಿಮೆಯಾಗಲಿಲ್ಲ! ಆಮೇಲೆ ಲೆಕ್ಕ ಹಾಕಿ 12 ವೋಲ್ಟಿನ 60 ಆರ್‌ಪಿಎಂ ಜಾನ್ಸನ್ ಮೋಟಾರ್ (ಮೆಟಲ್ ಗಿಯರಿನದ್ದು) ಎರಡು, ಸ್ಟಾಲ್ ಟಾರ್ಕ್ 25ಕ್ಕಿಂತ ಮೇಲಿದ್ದದ್ದು ನೋಡಿ ತರಿಸಿದೆ. ಬೆಂಗಳೂರಲ್ಲಿರುವ ಅಣ್ಣ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್‌ಪಿ ರೋಡಿನಿಂದ, ಎಲ್298 ಬದಲಿಗೆ ಹೆಚ್ಚು ಕರೆಂಟ್ ತಾಳುವ ಬಿಟಿಎಸ್7960 ಡ್ರೈವರ್ ಎರಡು ತಂದುಕೊಟ್ಟ. ಮೋಟಾರ್ ಶುರುವಾದಾಗೆಲ್ಲ ಆರ್ಡುಇನೋ ರೀಸೆಟ್ ಆಗುತ್ತಿತ್ತು. ಆರ್ಡುಇನೋಗೆ ಬೇರೆ ಪವರ್ ಕೊಟ್ಟು, ಗ್ರೌಂಡ್ (ಮೈನಸ್ ತಂತಿ) ಮಾತ್ರ ಒಂದೇ ಮಾಡಿ, ಮೋಟಾರಿನ ವಿದ್ಯುತ್ ಗದ್ದಲ ತಡೆಯಲು ಪ್ರತಿ ಮೋಟಾರಿನ ಕಾಲುಗಳಿಗೆ ಒಂದೊಂದು 104 ಕೆಪಾಸಿಟರ್ ಬೆಸೆದೆ, ರೀಸೆಟ್ ಆಗುವುದು ನಿಂತಿತು.

ಎಳೆಯುತ್ತದೆ! ಅಂಗಳದ ಈ ತುದಿಯಿಂದ ಆ ತುದಿ. ಆದರೆ ಹತ್ತು ನಿಮಿಷಕ್ಕೊಮ್ಮೆ ಎಡದ ಗಾಲಿ ನಿಂತು ಗಾಡಿ ಎಡಕ್ಕೆ ಸುತ್ತುತ್ತದೆ. ಮೋಟಾರ್ ತಿರುಗುವ ಸದ್ದು ಕೇಳುತ್ತದೆ, ಗಾಲಿ ಮಾತ್ರ ಇಲ್ಲ.

ಲೇತ್ ಮಾಮ:

ಹಬ್ಬಿನ ಗ್ರಬ್ ಸ್ಕ್ರೂ, ಅಂದರೆ ಗಾಲಿಯನ್ನು ಮೋಟಾರಿನ ಶಾಫ್ಟಿಗೆ ಹಿಡಿದಿಡುವ ತಲೆಯಿಲ್ಲದ ಸ್ಕ್ರೂ, ಸಡಿಲ. ಶಾಫ್ಟಿನ ಒಂದು ಬದಿ ಚಪ್ಪಟೆ ಇರುತ್ತದೆ, ಸ್ಕ್ರೂ ಸರಿಯಾಗಿ ಅದರ ಮೇಲೇ ಕೂರಬೇಕು, ದುಂಡಗಿನ ಕಡೆ ಕೂತರೆ ಜಾರುತ್ತದೆ. ಥ್ರೆಡ್‌ಲಾಕರ್ (ಸ್ಕ್ರೂ ಸಡಿಲವಾಗದ ಹಾಗೆ ಹಿಡಿಯುವ ಅಂಟು) ಒಂದು ಹನಿ ಹಾಕಿ ಬಿಗಿ ಮಾಡಿ ಒಂದು ರಾತ್ರಿ ಬಿಡು. ಬಲದ ಕಡೆಯದ್ದನ್ನೂ ಈಗಲೇ ಮಾಡಿಬಿಡು, ನಾಳೆ ಅದು ಬಿಡುತ್ತದೆ.

ಅಂಗಳದ ಹುಡುಗ:

ಹೌದು ಮಾಮ, ದುಂಡಗಿನ ಕಡೆಯೇ ಕೂತಿತ್ತು. ಸರಿ ಮಾಡಿದೆ. ರಿಮೋಟ್ ಈಗ ಅಜ್ಜನ ಕೈಯಲ್ಲಿದೆ, ನನಗೆ ಕೊಡುತ್ತಿಲ್ಲ.