ಚಿತ್ರ ಬಿಡಿಸಲು ಬಾರದವರಿಗೂ ಕಲಾ ಚಿಕಿತ್ಸೆಯೇ?

ಪ್ರಶ್ನೆ: ತಂದೆಯವರು ತೀರಿಕೊಂಡ ಮೇಲೆ ಮಾತು ಕಡಿಮೆ ಮಾಡಿರುವ ನಮ್ಮ ತಾಯಿಗೆ ಮನೋವೈದ್ಯರು ಔಷಧಿಯೊಂದಿಗೆ ಕಲಾ ಚಿಕಿತ್ಸೆಯನ್ನೂ ಸೂಚಿಸಿದ್ದಾರೆ. ಎಂದೂ ಕುಂಚ ಹಿಡಿಯದವರಿಗೆ ಇದರಿಂದ ಪ್ರಯೋಜನವಿದೆಯೇ?

ಉತ್ತರ 1: ಖಂಡಿತ ಇದೆ. ಚಿಕಿತ್ಸಕರು ಚಿತ್ರದ ಅಂದಕ್ಕೆ ಅಂಕ ಕೊಡುವುದಿಲ್ಲ. ಆರಿಸಿಕೊಂಡ ಬಣ್ಣ, ಖಾಲಿ ಬಿಟ್ಟ ಜಾಗ ಇವುಗಳ ಬಗ್ಗೆ ಬಿಡಿಸಿದವರೇ ನಿಧಾನವಾಗಿ ಮಾತಾಡಲು ಅವಕಾಶ ಮಾಡಿಕೊಡುತ್ತಾರೆ.

ಉತ್ತರ 2: ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 45 ನಿಮಿಷ ಕಲಾರಚನೆಯಲ್ಲಿ ತೊಡಗಿದ 39 ವಯಸ್ಕರ ಪೈಕಿ ಸುಮಾರು ಮುಕ್ಕಾಲು ಪಾಲು ಜನರಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಇಳಿದಿತ್ತು, ಕಲೆಯ ಪೂರ್ವಾನುಭವ ಇದ್ದವರಿಗೂ ಇಲ್ಲದವರಿಗೂ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಆದರೆ ಇದು ಚಿಕ್ಕ ಅಧ್ಯಯನ, ಇದನ್ನು ನಂಬಿ ಔಷಧಿ ನಿಲ್ಲಿಸಬೇಡಿ.

ಉತ್ತರ 3: ಕುಂಚವೇ ಬೇಕೆಂದಿಲ್ಲ. ಜೇಡಿಮಣ್ಣು ಅಥವಾ ತಾಯಿಯವರಿಗೆ ಕೈಪಳಗಿದ ರಂಗೋಲಿಯಿಂದಲೂ ಆರಂಭಿಸಬಹುದೇ ಎಂದು ಚಿಕಿತ್ಸಕರನ್ನು ಕೇಳಿ.