ಪದಚರ್ಚೆ: ಬೇರಿನ ಬಯೋಸೆನ್ಸರ್‌ಗೆ ಕನ್ನಡದಲ್ಲಿ ಏನನ್ನೋಣ? (ನಾಳೆ ಸಂಜೆಯೊಳಗೆ ಬೇಕು)

ನಮಸ್ಕಾರ. ಕೃಷಿ ಮೇಳದ ಮಳಿಗೆಗೆ ಒಂದು ಫಲಕ ಬರೆಯುತ್ತಿದ್ದೇನೆ. ನಾಳೆ ಸಂಜೆ ಪ್ರಿಂಟಿಗೆ ಕೊಡಬೇಕು. 2017ರಲ್ಲಿ ಆಕ್ಸ್‌ಫರ್ಡಿನ ಸಂಶೋಧಕರ ತಂಡ ಬಟಾಣಿ ಬೇರಿಗೆ ಮಾರ್ಪಡಿಸಿದ ರೈಜೋಬಿಯಂ (ಬೇಳೆಕಾಳು ಗಿಡಗಳ ಬೇರುಗಂಟಿನಲ್ಲಿ ಬಾಳುವ ಬ್ಯಾಕ್ಟೀರಿಯಾ) ಹಚ್ಚಿ ನೋಡಿತು. ಬೇರಿನಿಂದ ಸಕ್ಕರೆಯೋ ಅಮೈನೋ ಆಮ್ಲವೋ ಒಸರಿದ ಜಾಗದಲ್ಲಿ ಆ ಬ್ಯಾಕ್ಟೀರಿಯಾ ಮಿಣುಕುತ್ತದೆ. ಬಯೋಸೆನ್ಸರ್ ಅಂದರೆ ಇದೇ. ಮಿಣುಕುವ ಜೀನ್ ಮಾತ್ರ ಬೇರೊಂದು ಬ್ಯಾಕ್ಟೀರಿಯಾದ್ದು. ಕತ್ತಲಲ್ಲಿ ಕ್ಯಾಮೆರಾ ಇಟ್ಟರೆ ಸಾಕು, ಬೇರನ್ನು ಅರೆದು ಹಿಂಡಬೇಕಿಲ್ಲ. ಬರ, ಉಪ್ಪು ತಗುಲಿದಾಗ ಬೇರಿನ ಪಾಡೇನು ಅಂತ ನೋಡೋಕೂ ಇದೇ ಉಪಾಯ. ನಾನು ಬಯೋಸೆನ್ಸರ್‌ಗೆ ‘ಜೈವಿಕ ಸಂವೇದಕ’, ಬರ, ಉಪ್ಪಿನ ಕಾಟಕ್ಕೆ ‘ಪರಿಸರದ ಒತ್ತಡ’ ಅಂತ ಬರೆದಿದ್ದೆ. ನಮ್ಮ ಮಾವ ಓದಿ, “ಬೆಳೆಗೂ ಬಿಪಿ ಬರುತ್ತಾ?” ಅಂದರು. ಬೇರೆ ಪದ ಇದ್ದರೆ ಹೇಳಿ.

ಉತ್ತರ (ಮೈಸೂರು):
ಸಂವೇದಕ ಬೇಡವೇ ಬೇಡ. ‘ಅರಿ’ಯಿಂದ ‘ಅರಿವಿ’ ಮಾಡಿ. ರೈಜೋಬಿಯಂ ಕೂಡ ಬೇಡ. ಗ್ರೀಕಿನಲ್ಲಿ ರೈಜಾ ಅಂದರೆ ಬೇರು, ಬಿಯೋಸ್ ಅಂದರೆ ಬಾಳು. ‘ಬೇರುಬಾಳಿ’ ಅಂದರೆ ಆಯಿತು. ತಮಿಳಿನ ವೇರ್ ನಮ್ಮಲ್ಲಿ ಬೇರು. ಇಂಥ ಗಟ್ಟಿ ಪದ ಕೈಯಲ್ಲಿಟ್ಟುಕೊಂಡು ಎರವಲಿಗೆ ಕೈ ಚಾಚುವುದು ಸೋಮಾರಿತನ.

ಉತ್ತರ (ಧಾರವಾಡ):
ನಮ್ಮ ಕಡೆ ಅರಿವಿ ಅಂದ್ರ ಬಟ್ಟಿ. ‘ಬೇರಿನ ಅರಿವಿ’ ಅಂತ ಬರೆದರೆ ಬೇರಿಗೆ ಯಾಕ ಬಟ್ಟಿ ಸುತ್ತಿದ್ರಿ ಅಂತ ಕೇಳ್ತಾರ. ಮೇಳಕ್ಕೆ ಬರೋರು ರೈಜೋಬಿಯಂ ಪೊಟ್ಟಣ ತಂದು, ಬೆಲ್ಲದ ನೀರಲ್ಲಿ ಕಲಸಿ, ಬೀಜಕ್ಕೆ ಹಚ್ಚಿ, ನೆರಳಲ್ಲಿ ಆರಿಸಿ ಬಿತ್ತಿದವರು. ಅವರಿಗೆ ಬೇರುಬಾಳಿ ಯಾಕೆ?

ಉತ್ತರ (ರಾಯಚೂರು):
‘ಜೈವಿಕ ಸಂವೇದಕ’ ತಪ್ಪಲ್ಲ, ಆದರೆ ತುಂಬಾ ಅಗಲ. ರಕ್ತದ ಸಕ್ಕರೆ ನೋಡುವ ಪಟ್ಟಿಯೂ ಜೈವಿಕ ಸಂವೇದಕವೇ. ಅದರಲ್ಲಿರೋದು ಬರೀ ಕಿಣ್ವ. ಇಲ್ಲಿ ಸುಳಿವು ಕೊಡುವುದು ಜೀವಂತ ಬ್ಯಾಕ್ಟೀರಿಯಾ. ಅದಕ್ಕೆ ‘ಸುಳಿವು’ ಅನ್ನೋ ಪದವೇ ಸರಿ. ಒತ್ತಡ ಕೈಬಿಡಿ. ಬರ ಅಂದರೆ ಬರ ಅನ್ನಿ, ಉಪ್ಪಿನ ನೆಲಕ್ಕೆ ಸವಳು ಅನ್ನಿ. ತುಂಗಭದ್ರಾ ಕಾಲುವೆ ಕೆಳಗಿನ ರೈತರಿಗೆ ಈ ಪದ ಬಿಡಿಸಿ ಹೇಳಬೇಕಾ? ಇನ್ನೊಂದು ಮಾತು. ಬೆಳಕು ಕಾಣದಿದ್ದರೆ ಬೇರು ಏನೂ ಒಸರಿಲ್ಲ ಅಂತ ಬರೆಯಬೇಡಿ. ಮಿಣುಕೋಕೆ ಆಮ್ಲಜನಕ ಬೇಕು, ಬ್ಯಾಕ್ಟೀರಿಯಾಕ್ಕೆ ಕಸುವೂ ಬೇಕು. ಬೇರುಗಂಟಿನ ಒಳಗೆ ಆಮ್ಲಜನಕ ತೀರಾ ಕಡಿಮೆ. ಒಳ್ಳೆಯ ಗಂಟನ್ನು ಉಗುರಿಂದ ಸೀಳಿ ನೋಡಿ, ನಸುಗೆಂಪು ಕಾಣುತ್ತದೆ. ಆಮ್ಲಜನಕವನ್ನು ಹಿಡಿದು ಅಳತೆಯಲ್ಲಿ ಬಿಡೋದು ಆ ಬಣ್ಣದ ಪ್ರೋಟೀನೇ.

ಉತ್ತರ (ಮೈಸೂರು):
ಅರಿವಿ ಪ್ರಾದೇಶಿಕ ತೊಡಕು, ಅಷ್ಟೇ. ಪೊಟ್ಟಣದ ಮೇಲಿದ್ದದ್ದೆಲ್ಲ ಕನ್ನಡ ಆಗಲ್ಲ. ನೆಲಗಡಲೆ ಅನ್ನೋ ಚೆಂದದ ಪದ ಇದ್ದೂ ಮರಾಠಿಯ ಶೇಂಗಾ ಅನ್ನುವವರ ಹತ್ತಿರ ಏನು ವಾದ?

ಉತ್ತರ (ಧಾರವಾಡ):
ಬೆಳೆನೇ ದಕ್ಷಿಣ ಅಮೆರಿಕದಿಂದ ಬಂದದ್ದು. ಅದನ್ನ ವಾಪಸ್ ಕಳಿಸ್ತೀರೇನು? ಶೇಂಗಾ ಹೋಳಿಗಿ ತಿಂದು ಆಮೇಲೆ ಬರೀರಿ.

ಕೇಳಿದವರು:
ಎಲ್ಲರಿಗೂ ವಂದನೆ. ಹೀಗೆ ಬರೆದೆ: ‘ಬೇರಿನ ಸುಳಿವು ಕೊಡುವ ರೈಜೋಬಿಯಂ’. ಕೆಳಗೆ ಸಣ್ಣ ಅಕ್ಷರದಲ್ಲಿ, ‘ಬರಕ್ಕೆ, ಸವಳಿಗೆ ಬೇರು ಸೊರಗಿದಾಗ ಏನಾಗುತ್ತದೆ?’ ಮಾವನಿಗೆ ತೋರಿಸಿದೆ. ಈ ಸಲ ಬಿಪಿ ಸುದ್ದಿ ಎತ್ತಲಿಲ್ಲ. “ಇದನ್ನ ನಮ್ಮ ತೊಗರಿಗೂ ಮಾಡಿದ್ದಾರಾ?” ಅಂದರು.

ಉತ್ತರ (ಮೈಸೂರು):
ರೈಜೋಬಿಯಂ ಹಾಗೇ ಉಳಿಸಿಕೊಂಡಿರಿ. ಮತ್ತೆ ಇಲ್ಲಿ ಕೇಳಿದ್ದಾದರೂ ಯಾಕೆ?

ಉತ್ತರ (ಮಂಡ್ಯ):
ತಡವಾಗಿ ನೋಡಿದೆ. ನಮ್ಮಲ್ಲಿ ಚೌಳು ಅಂತೀವಿ. ಸವಳೂ ಚೌಳೂ ಒಂದೇನಾ?